ಕಲ್ಲಿಗೆ ನಿವಾಳಿಸಿದ ಕೆಂಪು ನೀರು

ಕಾರಖಾನೆಗಳ ಊರು ಭೋಸರಿಯಿಂದ ಆಕಾಶದ ಕಲ್ಲು ಬಂದಿದೆ ಎಂದರೆ ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಅಲ್ಲಿಂದ ಬರುವುದೆಲ್ಲ ಎರಕದ ಕುಲುಮೆಯ ಕಿಟ್ಟ. ಕಪ್ಪಗಿರುತ್ತದೆ, ಭಾರವಿರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ, ತಂದವರ ಮುಖದಲ್ಲಿ ಲಾಟರಿ ಹೊಡೆದ ಕಳೆ ಇರುತ್ತದೆ. ಅವರಿಗೆ ಚಹಾ ಕುಡಿಸಿ, ಇದು ಉಲ್ಕೆಯಲ್ಲ ಎಂದು ಹೇಳಿ ಕಳಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ನಾನು ಕಲ್ಲು ಕೊಯ್ಯುವವನು. ಕೊಯ್ದು, ತೇಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತೇನೆ. ಅದನ್ನು ನೋಡಿ ದೊಡ್ಡ ದೊಡ್ಡ ಮಾತು ಬರೆಯುವವರು ಬೇರೆ.

ಆ ಸಲ ಕಲ್ಲು ತಾನಾಗಿ ಬರಲಿಲ್ಲ, ನಾನೇ ಹೋಗಬೇಕಾಯಿತು. ಒಂದು ಸಣ್ಣ ಲೇತ್ ಕಾರಖಾನೆಯ ತಗಡಿನ ಮಾಡು ತೂರಿ ಬಿದ್ದ ಕಲ್ಲು. ಮಾಲೀಕ ಕಳಿಸಿದ ಫೋಟೋ ನೋಡಿ ಪ್ರಾಧ್ಯಾಪಕರು ಮೊದಲ ಸಲ ಕುರ್ಚಿ ಬಿಟ್ಟು ಎದ್ದಿದ್ದರು. ಆದರೆ ಮಾಲೀಕನ ತಾಯಿ ಕಲ್ಲನ್ನು ಕೊಡಲು ಒಪ್ಪುತ್ತಿಲ್ಲವಂತೆ, ಆಕೆ ಬೆಳಗಾವಿ ಕಡೆಯವರು, ಕನ್ನಡವಲ್ಲದೆ ಬೇರೆ ಮಾತಾಡುವುದಿಲ್ಲವಂತೆ. ನಿಮ್ಮ ಭಾಷೆಯವರು, ನೀವೇ ಹೋಗಿ ಎಂದು ಪ್ರಾಧ್ಯಾಪಕರು ಮರಾಠಿಯಲ್ಲಿ ಹೇಳಿ ಒಂದು ಫಾರಂ ಕೈಗಿತ್ತರು.

ಕಾರಖಾನೆಯ ಹಿಂದಿನ ಗಲ್ಲಿಯಲ್ಲೇ ಮನೆ. ಕಲ್ಲು ದೇವರ ಜಗುಲಿಯ ಮೇಲೆ, ಸ್ಟೀಲಿನ ತಾಟಿನಲ್ಲಿ ಅಕ್ಕಿ ಹರಡಿ ಅದರ ಮೇಲೆ ಕೂತಿತ್ತು. ನೆಲಕ್ಕೆ ಬಡಿದು ಎರಡು ತುಂಡಾಗಿದೆ. ದೊಡ್ಡದು ಮುಷ್ಟಿಯಷ್ಟು, ಸಣ್ಣದು ನಿಂಬೆಹಣ್ಣಿನಷ್ಟು. ಹೊರಗೆ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿನ ಕಪ್ಪು ಕವಚ. ಒಡೆದ ಕಡೆ ಬೂದು ಬಣ್ಣ, ಅದರಲ್ಲಿ ಸಾಸಿವೆ ಚೆಲ್ಲಿದ ಹಾಗೆ ದುಂಡು ದುಂಡು ಕಾಳುಗಳು. ಭೂತಗನ್ನಡಿ ಹಿಡಿದು ಎರಡೆರಡು ಸಲ ನೋಡಿದೆ. ಆ ಕಾಳುಗಳೇ ಕಾಂಡ್ರೂಲ್‌ಗಳು. ಭೂಮಿ ಹುಟ್ಟುವ ಮೊದಲು, ಸೂರ್ಯನ ಸುತ್ತ ಬರೀ ಧೂಳು ತಿರುಗುತ್ತಿದ್ದಾಗ, ಆ ಧೂಳು ಯಾವುದೋ ಕಾವಿಗೆ ಕರಗಿ ಹನಿಯಾಗಿ, ತೇಲುತ್ತಲೇ ಆರಿ ಗಟ್ಟಿಯಾದ ಕಾಳುಗಳು. ಆ ಕಾವು ಎಲ್ಲಿಂದ ಬಂತೆಂದು ಇವತ್ತಿಗೂ ಜಗಳವಿದೆ. ಇಂಥ ಕಾಳುಗಳಿರುವ ಉಲ್ಕಾಶಿಲೆಗೆ ಕಾಂಡ್ರೈಟ್ ಎನ್ನುತ್ತಾರೆ. ಕುಲುಮೆಯ ಕಿಟ್ಟದಲ್ಲಿ ಇವು ಎಂದೂ ಇರುವುದಿಲ್ಲ.

ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ನನ್ನ ಊರು ಧಾರವಾಡ ಕಡೆ ಎಂದು ತಿಳಿದ ಮೇಲೆ ಮಾತು ಸಲೀಸಾಯಿತು. ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಸಪ್ಪಳ ಕೇಳಿ ಸಿಲಿಂಡರ್ ಸಿಡಿಯಿತೆಂದು ಓಡಿದ್ದು, ಮಗ ಇಕ್ಕಳದಲ್ಲಿ ಕಲ್ಲು ಹಿಡಿದು ತಂದದ್ದು. ಆಮೇಲೆ ಈ ಮಾತು ಹೇಳಿದರು. "ಮ್ಯಾಲಿಂದ ಮನಿಗೆ ಬಂದದ ತಮ್ಮಾ. ಆರತಿ ಮಾಡದ ಹ್ಯಾಂಗ ಒಳಗ ಕರ್ಕೊಳ್ಳೂದು? ಅರಿಶಿಣ ಸುಣ್ಣ ಕಲಿಸಿ, ಕೆಂಪ ನೀರು ಮಾಡಿ, ನಿವಾಳಿಸಿ ಅದರ ಮ್ಯಾಲೇ ಸುರದೇನಿ. ಎಷ್ಟ ಮಂದಿ ಕಣ್ಣು ಬಿದ್ದಿದ್ವೋ ಏನೋ."

ಮದುವೆಯಾಗಿ ಬಂದ ಸೊಸೆಗೆ, ಬಾಣಂತನ ಮುಗಿಸಿ ಬಂದ ಮಗಳಿಗೆ ಎತ್ತುವ ಆರತಿ. ನನ್ನ ತಾಯಿಯೂ ಅದೇ ತಾಟು, ಅದೇ ನೀರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆ ನೀರನ್ನು ಹೊರಗೆ ಚೆಲ್ಲುವುದು ವಾಡಿಕೆ. ಈ ಅಜ್ಜಿ ಅತಿಥಿಯ ಮೇಲೇ ಸುರಿದಿದ್ದರು, ಅಷ್ಟೇ ವ್ಯತ್ಯಾಸ.

ನನ್ನ ತೊಡೆಯ ಮೇಲೆ ಫಾರಂ ಇತ್ತು. ಕಲ್ಲು ಎಲ್ಲಿ ಸಿಕ್ಕಿತು, ಯಾರು ಮುಟ್ಟಿದರು, ಯಾವುದಾದರೂ ದ್ರವ ತಗುಲಿದೆಯೇ ಎಂಬ ಪ್ರಶ್ನೆಗಳು. ಕೊನೆಯದರ ಎದುರು ನಾನು 'ಇಲ್ಲ, ಒಣ ಬಟ್ಟೆಯಿಂದ ಒರೆಸಿದ್ದಾರೆ' ಎಂದು ಬರೆದೆ.

ಯಾಕೆ ಬರೆದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಿಂದೊಮ್ಮೆ ಯಾರೋ ಕುಂಕುಮ ಹಚ್ಚಿದ ಕಲ್ಲು ತಂದಿದ್ದರು, ವಿಭಾಗದ ಹುಡುಗರು ತಿಂಗಳುಗಟ್ಟಲೆ ಚಹಾದ ಹೊತ್ತಿಗೆ ಅದನ್ನೇ ಆಡಿಕೊಂಡು ನಕ್ಕರು. ಅವರ ಜೊತೆ ನಾನೂ ನಕ್ಕಿದ್ದೆ. ಈ ಅಜ್ಜಿಯನ್ನು ಹಾಗೆ ನಗುವವರ ಬಾಯಿಗೆ ಕೊಡುವುದು ಬೇಡ ಅನ್ನಿಸಿತು. ಅಜ್ಜಿಯ ಮಾನ ಕಾಯುತ್ತಿದ್ದೇನೆ ಅಂದುಕೊಂಡೆ. ಕಾಯ್ದದ್ದು ನನ್ನದನ್ನು. ಕೆಲಸಕ್ಕೆ ಸೇರಿದಾಗಿನಿಂದ ಮರಾಠಿಯನ್ನು ಮರಾಠಿಗರಿಗಿಂತ ಚೆನ್ನಾಗಿ ಆಡಿ, 'ನಿಮ್ಮ ಭಾಷೆಯವರು' ಎಂದು ಯಾರೂ ಬೊಟ್ಟು ಮಾಡದ ಹಾಗೆ ಬದುಕಿದವನು ನಾನು. ಅಜ್ಜಿ ಕೊನೆಗೆ ಎರಡೂ ತುಂಡು ಕೊಟ್ಟರು, ಒಂದು ಷರತ್ತು ಹಾಕಿ. ಸಣ್ಣದನ್ನು ಏನಾದರೂ ಮಾಡಿಕೊಳ್ಳಿ, ದೊಡ್ಡದು ಇದ್ದ ಹಾಗೇ ತಿರುಗಿ ಬರಬೇಕು.

ಮರುದಿನ ಮೇಜಿನ ಮೇಲಿಟ್ಟು ಹತ್ತಿಗೆ ಸ್ಪಿರಿಟ್ ಹಚ್ಚಿ ಕಲ್ಲನ್ನು ಒರೆಸಿದೆ. ಒಣಗಿದ್ದ ಅರಿಶಿಣ ಹತ್ತಿ ಹತ್ತಿ ಹಳದಿಯಾಯಿತು. ಅದನ್ನು ಮುದುಡಿ ಬುಟ್ಟಿಗೆ ಎಸೆದೆ.

ಈ ಕಲ್ಲು ಬಂದದ್ದು ಒಬ್ಬ ವಿದ್ಯಾರ್ಥಿನಿಯ ಅದೃಷ್ಟಕ್ಕೆ. ಮೈಸೂರಿನ ಹುಡುಗಿ, ಪಿಎಚ್‌.ಡಿ.ಯ ಕೊನೆಯ ವರ್ಷ, ವಿಮಾನ ನಗರದಲ್ಲಿ ಮೂವರ ಜೊತೆ ಒಂದು ಫ್ಲ್ಯಾಟಿನಲ್ಲಿದ್ದು ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೂರು ಅಧ್ಯಾಯ ಬರೆದಿದ್ದಳು, ನಾಲ್ಕನೆಯದಕ್ಕೆ ಕಲ್ಲೇ ಇರಲಿಲ್ಲ. ಪ್ರಬಂಧ ಕೊಡಲು ನಾಲ್ಕು ತಿಂಗಳು ಬಾಕಿ. ಅಹಮದಾಬಾದಿನಲ್ಲಿ ಒಂದು ಕೆಲಸ ಅವಳಿಗೆಂದೇ ಕಾಯುತ್ತಿತ್ತು. ದಿನ ಮೀರಿದರೆ ಅದು ಬೇರೆಯವರಿಗೆ ಹೋಗುತ್ತದೆಂದು ಅವಳು ನನಗೆ ಮೊದಲ ದಿನವೇ ಹೇಳಿದ್ದಳು.

ಸಣ್ಣ ತುಂಡಿನಿಂದ ಶುರು ಮಾಡಿದೆವು. ಇಂಥ ಕಲ್ಲನ್ನು ನೀರು ಹಾಕಿ ಕೊಯ್ಯುವಂತಿಲ್ಲ. ಒಳಗೆ ಕಬ್ಬಿಣ-ನಿಕ್ಕಲ್ಲಿನ ಚೂರುಗಳಿರುತ್ತವೆ, ಒಂದೇ ದಿನದಲ್ಲಿ ತುಕ್ಕು ಹಿಡಿಯುತ್ತವೆ. ವಜ್ರದ ಅಲಗಿನ ಗರಗಸವನ್ನು ನಿಧಾನಕ್ಕೆ ತಿರುಗಲು ಬಿಟ್ಟು, ನೀರಿನ ಬದಲು ಶುದ್ಧ ಸ್ಪಿರಿಟ್ ತೊಟ್ಟಿಕ್ಕಿಸುತ್ತ ಕೂರಬೇಕು. ಬೆರಳಿನಷ್ಟು ದಪ್ಪ ಕೊಯ್ಯಲು ಅರ್ಧ ದಿನ ಹಿಡಿಯುತ್ತದೆ. ಕವಚ ತೇಯುವಾಗ ಪುಡಿಯಾಗಿ, ಉಳಿದ ಕಲ್ಲನ್ನೂ ಗೀರುತ್ತದೆಂದು ಅದನ್ನು ಅಂಚಿನಿಂದ ಬೇರ್ಪಡಿಸಿ ಕೊಯ್ದು ಡಬ್ಬಿಗೆ ಹಾಕಿದೆ. ಕೊಯ್ದ ಚೂರು ಎಸೆಯುವ ಅಭ್ಯಾಸ ನನಗಿಲ್ಲ.

ಹೊರಗೆ ಮಳೆ, ಗಾಳಿಯಲ್ಲೆಲ್ಲ ತೇವ. ಕೊಯ್ದ ಬಿಲ್ಲೆಯನ್ನು ಅಂಟಿನಲ್ಲಿ ಮುಳುಗಿಸಿ ಗಾಳಿ ಹೀರಿಸಿ ಇಟ್ಟರೆ ಮೂರು ದಿನವಾದರೂ ಅಂಟು ಬೆಲ್ಲದ ಪಾಕದ ಹಾಗೆ ಜಿಗಿಯುತ್ತಿತ್ತು. ಮೊದಲನೆಯ ಪಟ್ಟಿ ಹಾಗೇ ಹಾಳಾಯಿತು. ಎರಡನೆಯದನ್ನು ತೇಯುತ್ತ ಕೂದಲಿನ ಮೂರನೇ ಒಂದು ಪಾಲು ದಪ್ಪಕ್ಕೆ ತಂದಿದ್ದೆ. ಇನ್ನೇನು ಮುಗಿಯಿತು ಎನ್ನುವಾಗ ನಡುವಿನ ದೊಡ್ಡ ಕಾಂಡ್ರೂಲ್ ಕಿತ್ತು ಬಂದು ಅಲ್ಲಿ ತೂತು ಉಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಯಾರ ಮೇಲೂ ಇಲ್ಲದ ಸಿಟ್ಟನ್ನು ಗರಗಸದ ಮೇಲೆ ತೀರಿಸಿಕೊಂಡು ಎರಡು ದಿನ ರಜೆ ಹಾಕಿದೆ. ಮೂರನೆಯದಕ್ಕೆ ಅಂಟನ್ನು ದೀಪದ ಬಿಸಿಯಲ್ಲಿ ಒಣಗಿಸಿದೆವು. ಸೊಂಟ ಹಿಡಿದುಕೊಂಡಿತ್ತು, ಬೆರಳ ತುದಿಗಳ ಚರ್ಮ ಸವೆದು ಆಫೀಸಿನ ಹಾಜರಿ ಯಂತ್ರ ನನ್ನನ್ನು ಗುರುತಿಸುವುದನ್ನೇ ಬಿಟ್ಟಿತು. ಐದು ವಾರ ಹೋದ ಮೇಲೆ ಎರಡು ಒಳ್ಳೆಯ ಪಟ್ಟಿ ಕೈಗೆ ಬಂದವು.

ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮಾತ್ರ ಆ ಐದು ವಾರ ಮರೆತುಹೋದವು, ಸ್ವಲ್ಪ ಹೊತ್ತು. ಒಂದು ಕಾಳಿನೊಳಗೆ ಆಲಿವಿನ್ ಎಂಬ ಖನಿಜದ ಹರಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತಿದೆ. ಹನಿ ಬೇಗ ಆರಿದ ಗುರುತು ಅದು. ಇನ್ನೊಂದರಲ್ಲಿ ಪೈರಾಕ್ಸಿನ್ ಎಂಬ ಖನಿಜ ಬೀಸಣಿಗೆಯಂತೆ ಬಿಚ್ಚಿಕೊಂಡಿದೆ. ಹರಳುಗಳ ನಡುವೆ ಹರಳಾಗಲು ಸಮಯವೇ ಸಿಗದ ಗಾಜು ಹಾಗೇ ಉಳಿದಿದೆ. ಹುಟ್ಟಿದ ಮೇಲೆ ಇನ್ನೊಮ್ಮೆ ಬೇಯದ ಕಲ್ಲು ಎಂದು ಅದರ ಅರ್ಥ, ಸಿಗುವುದು ಅಪರೂಪ. ಅಷ್ಟೇ ಆಗಿದ್ದರೆ ವಿದ್ಯಾರ್ಥಿನಿಯ ಅಧ್ಯಾಯಕ್ಕೆ ಸಾಕಿತ್ತು.

ಪಟ್ಟಿಗಳಿಗೆ ಇಂಗಾಲದ ತೆಳು ಲೇಪ ಕೊಟ್ಟು ಅವಳು ಇನ್ನೊಂದು ಸಂಸ್ಥೆಗೆ, ಕಲ್ಲಿನಲ್ಲಿ ಏನೇನಿದೆ ಎಂದು ತೋರಿಸುವ ಎಲೆಕ್ಟ್ರಾನ್ ಯಂತ್ರಕ್ಕೆ ಒಯ್ದಳು. ನಾಲ್ಕನೆಯ ದಿನ ನನ್ನ ಮೇಜಿಗೆ ಬಂದು ಒಂದು ಚಿತ್ರ ಮುಂದಿಟ್ಟಳು. ಕಾಳುಗಳ ನಡುವಿನ ಬಿರುಕುಗಳಲ್ಲಿ ದಾರದಂತೆ ಒಂದು ಗೆರೆ. "ಸರ್, ಕ್ಯಾಲ್ಸಿಯಂ ಕಾರ್ಬೊನೇಟ್. ಇದು ಹುಟ್ಟಬೇಕು ಅಂದ್ರೆ ನೀರು ಬೇಕು. ಈ ಕಲ್ಲು ಬಂದಿರೋ ಕ್ಷುದ್ರಗ್ರಹದಲ್ಲಿ ಮೊದಲೇ ನೀರು ಓಡಾಡಿದೆ."

ಅವಳ ಕಣ್ಣಲ್ಲಿ ನಿದ್ದೆಯಿರಲಿಲ್ಲ, ಆದರೆ ಮುಖದಲ್ಲಿ ಬೆಳಕಿತ್ತು. ನಾನು ಚೆನ್ನಾಗಿದೆ ಎಂದೆ. ಚಿತ್ರವನ್ನು ತಿರುಗಿ ಅವಳ ಕಡೆಗೇ ಸರಿಸಿದೆ. ಸುಣ್ಣದ ನೀರು ಗಾಳಿಗೆ ಆರಿದರೆ ಉಳಿಯುವುದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಗೋಡೆಗೆ ಸುಣ್ಣ ಹೊಡೆದ ಯಾರಿಗೂ ಗೊತ್ತಿರುವ ವಿಷಯ.

ಪ್ರಾಧ್ಯಾಪಕರು ಸಿಹಿ ಹಂಚಿದರು. ಅಧ್ಯಾಯದ ಹೆಸರೇ ಬದಲಾಯಿತು. ಕಾಂಡ್ರೂಲ್‌ಗಳು ಹಿಂದೆ ಸರಿದವು, ನೀರು ಮುಂದೆ ಬಂತು. ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಮಾತಾಯಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ಅವಳು ನನ್ನ ಮೇಜಿನತ್ತ ಬಂದಾಗಲೆಲ್ಲ ನಾನು ಗರಗಸ ಶುರು ಮಾಡುತ್ತಿದ್ದೆ, ಮಾತು ಕೇಳಿಸಬಾರದೆಂದು.

ಹೀಗೆ ಹತ್ತು ದಿನ ತಳ್ಳಿದೆ. ಹನ್ನೊಂದನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದಾಗ ಡಬ್ಬಿಯಿಂದ ಕವಚವಿದ್ದ ಚೂರನ್ನು ತೆಗೆದು ಅಂಟಿನಲ್ಲಿ ಕೂರಿಸಿದೆ. ಅದು ಗಟ್ಟಿಯಾದ ಮೇಲೆ ಎರಡು ದಿನ ತೇಯ್ದು ಹೊಳಪು ಕೊಟ್ಟೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ಗೆರೆ ಕಲ್ಲಿನಿಂದ ಹೊರಟು ಕಪ್ಪು ಕವಚವನ್ನೂ ದಾಟಿ ಹೊರಮೈವರೆಗೆ ಬಂದಿತ್ತು. ಆ ಕವಚ ಹುಟ್ಟುವುದೇ ಕಲ್ಲು ನಮ್ಮ ಗಾಳಿಯೊಳಗೆ ಬಂದು ಉರಿದಾಗ. ಅದರ ಬಿರುಕಿನೊಳಗೂ ಇದೆ ಎಂದ ಮೇಲೆ ಆ ಗೆರೆ ಕ್ಷುದ್ರಗ್ರಹದ್ದಲ್ಲ, ಭೋಸರಿಯದ್ದು. ನಾನು ಕವಚ ಕತ್ತರಿಸಿ ಪಕ್ಕಕ್ಕಿಟ್ಟದ್ದರಿಂದ ಅವಳಿಗೆ ಅದು ಕಂಡಿರಲಿಲ್ಲ.

ಆ ಚೂರನ್ನು ಜೇಬಿಗೆ ಹಾಕಿಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿ ಅಹಮದಾಬಾದಿಗೆ ಹೋಗುತ್ತಾಳೆ, ನಾನು ಎರಡು ವರ್ಷಕ್ಕೆ ನಿವೃತ್ತನಾಗುತ್ತೇನೆ. ಆಮೇಲೆ ಯಾವಾಗಲೋ, ಎಲ್ಲೋ, ಇನ್ಯಾರೋ ಆ ಕಲ್ಲನ್ನು ಕೊಯ್ದು ನೋಡುತ್ತಾರೆ. ಆಗ ಕೆಡುವುದು ಅವಳ ಹೆಸರು. ಚೂರನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಳನ್ನು ಕರೆದೆ. ಕರೆದವನು ಅರ್ಧವನ್ನೇ ಹೇಳಿದೆ.

"ಮೇಡಮ್, ಇದನ್ನೊಮ್ಮೆ ನೋಡ್ರಿ. ಆ ಮನಿಯವ್ರು ಕಲ್ಲಿಗೆ ಏನರ ಹಾಕಿರಬೇಕು ಅಂತ ಈಗ ಅನಸ್ತದ."

ಅವಳು ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಎತ್ತಿದಾಗ ಅಳಲಿಲ್ಲ, ಬೈಯಲಿಲ್ಲ. ಫಾರಂ ತರಿಸಿ ಓದಿದಳು. ಒಣ ಬಟ್ಟೆ ಅಂತ ಇದೆಯಲ್ಲ ಎಂದಳು. ಅವರು ಹೇಳದೆ ಇರಬಹುದು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆಸರೆ ಆಯಿತು. ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿ ಎಂದು ಅವಳೇ ಹೇಳಿದಳು. ಒಡೆದ ಮೈಗೂ ಕವಚಕ್ಕೂ ದೂರವಾದ ಕಲ್ಲು ಬೇಕು, ಅಂದರೆ ದೊಡ್ಡ ತುಂಡಿನ ಹೊಟ್ಟೆ. ಅದನ್ನು ಕೊಯ್ಯಲು ಅಜ್ಜಿಯ ಒಪ್ಪಿಗೆ ಬೇಕು. ನಾನೂ ಬರ್ತೀನಿ ಎಂದಳು. ಬೇಡ, ಮಳೆ, ಟ್ರಾಫಿಕ್ಕು, ನಿಮಗೆ ಬರೆಯುವುದಿದೆ ಎಂದು ನಾನು ನೂರು ನೆಪ ಹೇಳಿದೆ. ಅವಳು ಆಗಲೇ ಕೊಡೆ ಹಿಡಿದು ಎದ್ದಿದ್ದಳು.

ಕಾರಖಾನೆಯ ಮಾಡಿಗೆ ಹೊಸ ತಗಡು ಹಾಕಿದ್ದರು. ಅಜ್ಜಿ ನಮ್ಮಿಬ್ಬರಿಗೂ ಅವಲಕ್ಕಿ ಕೊಟ್ಟರು. ದೊಡ್ಡ ತುಂಡನ್ನು ಜಗುಲಿಯ ಮೇಲಿಟ್ಟೆ, ಬಂದ ಕಾರಣ ಹೇಳಿದೆ. ಎಷ್ಟು ಕಡಿಮೆ ಮಾತಿನಲ್ಲಿ ಆಗುತ್ತದೋ ಅಷ್ಟರಲ್ಲಿ, ಹುಡುಗಿ ಏನನ್ನೂ ಕೇಳುವ ಮೊದಲೇ ಮುಗಿಸಬೇಕೆಂಬ ಅವಸರ ನನಗೆ. ಕಲ್ಲಿನ ಬಿರುಕಿನೊಳಗೆ ಸುಣ್ಣ ಕಂಡಿದೆ ಎಂದಷ್ಟೇ ಹೇಳಿದೆ.

ಅಜ್ಜಿ ಕಲ್ಲನ್ನು ನೋಡಿದರು. "ನಾ ಹಾಕಿದ ನೀರು ಅಷ್ಟ ಒಳಗ ಹೊಕ್ಕಿತ್ತೇನು?"

"ಹೂಂ ಆಯಿ. ಒಂದ ಅಕ್ಕಿಕಾಳಿನಷ್ಟ ಒಳಗ."

"ಅವತ್ತ ಹೇಳಿದ್ದೆನಲ್ಲೋ ತಮ್ಮಾ ನಿನಗ. ನಿವಾಳಿಸಿ ಮ್ಯಾಲೇ ಸುರದೇನಿ ಅಂತ. ನೀ ಅದನ್ನ ಬರಕೊಳ್ಳಲಿಲ್ಲೇನು?"

ವಿದ್ಯಾರ್ಥಿನಿಯ ಕೈ ಅವಲಕ್ಕಿಯ ತಾಟಿನ ಮೇಲೆ ನಿಂತಿತು. ಮೈಸೂರಿನವಳಿಗೆ ನಮ್ಮ ಕಡೆಯ ಮಾತು ಪೂರ್ತಿ ಅರ್ಥವಾಗುವುದಿಲ್ಲ ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದೆ. ಇದು ಅರ್ಥವಾಗಿತ್ತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ನನ್ನದು ಒಂದು ತಾಟು ನೀರಿಗೆ ಹೋಯಿತು. ಇಲ್ಲ ಆಯಿ, ಬರಕೊಳ್ಳಲಿಲ್ಲ ಎಂದೆ.

ಅಜ್ಜಿ ಕಲ್ಲಿನ ಮೇಲೊಮ್ಮೆ ಕೈ ಆಡಿಸಿ, ಹುಡುಗಿಯ ಕಡೆಗೆ ತಾಟು ಸರಿಸಿದರು. "ಕೊಯ್ರಿ. ಬ್ಯಾಡ ಅನ್ನೂದಿಲ್ಲ ನಾ. ಆದರ ಈಕಿ ಕೆಲಸ ಕೆಡಬಾರದು."

ತಿರುಗಿ ಬರುವಾಗ ರಿಕ್ಷಾದಲ್ಲಿ ಕಲ್ಲಿನ ಡಬ್ಬಿ ನಮ್ಮಿಬ್ಬರ ನಡುವೆ ಇತ್ತು. ನಾಶಿಕ ಫಾಟಾದ ಕೂಡುರಸ್ತೆಯ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತು ಮುಕ್ಕಾಲು ತಾಸು ಹೋಯಿತು. ತಪ್ಪಾಯಿತು ಎಂದು ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ಮಳೆಯ ಸಪ್ಪಳ ಜೋರಾಗಿತ್ತು. ಅವಳು ಇಳಿಯುವಾಗ, ನಾಳೆ ಎಷ್ಟು ಹೊತ್ತಿಗೆ ಶುರು ಮಾಡೋಣ ಎಂದು ಮಾತ್ರ ಕೇಳಿದಳು.

ಒಂಬತ್ತಕ್ಕೆ ಶುರು ಮಾಡಿದೆವು. ಈ ಸಲ ಅವಳು ಪಕ್ಕದಲ್ಲೇ ಕೂತು, ನಾನು ಮಾಡಿದ ಪ್ರತಿಯೊಂದನ್ನೂ ಗಂಟೆ-ನಿಮಿಷ ಹಾಕಿ ಬರೆದುಕೊಂಡಳು. ಅಲಗು ಯಾವುದು, ಸ್ಪಿರಿಟ್ ಯಾವ ಬಾಟಲಿಯದು, ಕೈಗೆ ಗವಸು ಹಾಕಿದೆನೋ ಇಲ್ಲವೋ. ಇಷ್ಟು ವರ್ಷ ನನ್ನ ಕೆಲಸಕ್ಕೆ ಯಾರೂ ಕಾವಲು ಕೂತಿರಲಿಲ್ಲ. ಅವಳ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊಯ್ಯಲು ಎರಡು ದಿನ, ಅಂಟಿಗೆ ಮೂರು ದಿನ, ತೇಯಲು ಒಂದು ವಾರ. ಅಷ್ಟೂ ದಿನ ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮ ನಡುವೆ ಹುಟ್ಟಲಿಲ್ಲ.

ಯಂತ್ರದ ಮುಂದೆ ನಾನೂ ಹೋಗಿ ಕೂತೆ. ಹೊಟ್ಟೆಯ ಬಿರುಕುಗಳನ್ನು ಒಂದೊಂದಾಗಿ ನೋಡಿದೆವು. ಕಾಳುಗಳು ಇದ್ದವು, ಗಾಜು ಇತ್ತು, ಕಬ್ಬಿಣ ಬೆಳ್ಳಗೆ ಹೊಳೆಯಿತು. ಕಾರ್ಬೊನೇಟ್ ಎಲ್ಲಿಯೂ ಇರಲಿಲ್ಲ. ನೂರಾರು ಕೋಟಿ ವರ್ಷ ಒಣಗಿಯೇ ಬಂದಿದ್ದ ಕಲ್ಲಿಗೆ ಮೊದಲ ನೀರು ಬಿದ್ದದ್ದು ಭೋಸರಿಯ ಒಂದು ಮನೆಯ ಜಗುಲಿಯ ಮೇಲೆ.

ಗೆರೆ ಹೊರಗಿನ ಸುಣ್ಣದ್ದೆಂದು ಪ್ರಾಧ್ಯಾಪಕರಿಗೆ ಅವಳೇ ಹೇಳಿದಳು, ನಾನು ಬಾಗಿಲ ಹೊರಗೆ ನಿಂತಿದ್ದೆ. ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ಹಿಂದಕ್ಕೆ ಪಡೆದರು. ಅಧ್ಯಾಯವನ್ನು ಮೊದಲಿನಿಂದ, ಕಾಂಡ್ರೂಲ್‌ಗಳ ಮೇಲೆಯೇ ಬರೆಯಬೇಕಾಯಿತು. ಗಡುವು ದಾಟಿತು. ಅಹಮದಾಬಾದಿನ ಕೆಲಸಕ್ಕೆ ಬೇರೆ ಯಾರೋ ಸೇರಿದರೆಂಬ ಪತ್ರ ಬಂದ ದಿನ ಅವಳು ಎಂದಿನಂತೆ ಬಂದು, ಎಂದಿನ ಕುರ್ಚಿಯಲ್ಲಿ ಕೂತು, ಸಂಜೆಯವರೆಗೆ ಆಲಿವಿನ್ನಿನ ಲೆಕ್ಕ ಹಾಕಿದಳು.

ಆ ವಾರದ ಕೊನೆಗೆ ಅವಳು ನನ್ನ ಮೇಜಿಗೆ ಬಂದಳು. ಕೈಯಲ್ಲಿ ಒಂದು ಹಾಳೆ. ಮಾದರಿಯ ಮಾಹಿತಿಯಲ್ಲಿ ತಪ್ಪಾಗಿದ್ದರೆ ಭರ್ತಿ ಮಾಡುವ ತಿದ್ದುಪಡಿ ಹಾಳೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಬೇರೆಯವರ ಕೈಯಿಂದ ತುಂಬಿಸಿದ್ದೇನೆ, ಸ್ವತಃ ತುಂಬಿದವನಲ್ಲ.

"ಪ್ರಬಂಧದ ಜೊತೆ ಇದನ್ನ ಇಡಬೇಕು ಸರ್. ನಾನು ಬರೆಯಲ್ಲ. ನೀವೇ ಬರೀರಿ."

ಗರಗಸ ನಿಲ್ಲಿಸಿ ಕೈ ಒರೆಸಿಕೊಂಡೆ. ಮೂರು ಪ್ರಶ್ನೆಗಳಿದ್ದವು. ತಿದ್ದುಪಡಿ ಏನು ಎಂಬುದಕ್ಕೆ, ಕಲ್ಲನ್ನು ಮನೆಗೆ ಬರಮಾಡಿಕೊಳ್ಳುವಾಗ ಅರಿಶಿಣ ಮತ್ತು ಸುಣ್ಣ ಕದಡಿದ ನೀರನ್ನು ನಿವಾಳಿಸಿ ಎರಡೂ ತುಂಡುಗಳ ಮೇಲೆ ಸುರಿಯಲಾಗಿದೆ ಎಂದು ಬರೆದೆ. ಯಾರಿಂದ ತಿಳಿಯಿತು ಎಂಬುದಕ್ಕೆ, ಮನೆಯ ಹಿರಿಯರಿಂದ, ಅವರಾಗಿಯೇ ಹೇಳಿದರು ಎಂದು ಬರೆದೆ. ಕೊನೆಯದು, ಯಾವ ದಿನ ತಿಳಿಯಿತು ಎಂಬುದು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಲ್ಲನ್ನು ಭೋಸರಿಯಿಂದ ತಂದ ಮೊದಲ ದಿನದ ತಾರೀಖು ಬರೆದು ಕೆಳಗೆ ಸಹಿ ಮಾಡಿದೆ.

ಅವಳು ಹಾಳೆ ತೆಗೆದುಕೊಂಡು ತಾರೀಖನ್ನು ಎರಡು ಸಲ ಓದಿದಳು. ಸಾಕ್ಷಿ ಎಂದಿದ್ದ ಕಡೆ ತನ್ನ ಹೆಸರು ಬರೆದಳು. ಆಮೇಲೆ, ನಾಳೆ ಒಂಬತ್ತಕ್ಕೆ ಇನ್ನೊಂದು ಪಟ್ಟಿ ಬೇಕು ಸರ್ ಎಂದು ಹೇಳಿ ಹೋದಳು. ಅವಳು ಕಾವಲಿಗೆ ಕೂರುತ್ತಾಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಮರುದಿನ ಪಕ್ಕದ ಕುರ್ಚಿ ಒರೆಸಿಟ್ಟು, ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಗರಗಸದ ಮುಂದೆ ಕೂತು ಕಾದೆ.